ನಾನೊಬ್ಬಳೇ ಓದುತ್ತೇನೆ

ಜೂನ್ 14, ಶುಕ್ರವಾರ

ಬೇಡ ಬೇಡ ಎಂದರೂ ಆ ಪೀರಿಯಡ್ಡು ನನ್ನ ತಲೆಗೇ ಬಂದು ಕೂತಿತು. ವಾರಕ್ಕೊಂದು ಸಲ, ಶುಕ್ರವಾರದ ಕೊನೆಯ ಪೀರಿಯಡ್ಡು, ಏಳನೇ ತರಗತಿ. ವಿಷಯ: ಭಾವನೆಗಳ ಅರಿವು. ಮೇಲಿನಿಂದ ಸುತ್ತೋಲೆ ಬಂದಿದೆಯಂತೆ. ಮಕ್ಕಳು ತಮಗೆ ಅನ್ನಿಸುವುದನ್ನು ಗುರುತಿಸಬೇಕು, ಅದಕ್ಕೆ ಹೆಸರಿಡಬೇಕು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಲು ಕಲಿಯಬೇಕು. "ಭಾಷೆ ಕಲಿಸೋರು ನೀವು. ಭಾವನೆ ಗೀವನೆ ಎಲ್ಲ ನಿಮ್ಮ ಕಡೆಗೇ ಬರುತ್ತೆ," ಎಂದರು ಹೆಡ್‌ಮಾಸ್ಟರು. ಇಪ್ಪತ್ತೆರಡು ವರ್ಷ ಸಂಧಿ, ಸಮಾಸ ಹೇಳಿಕೊಟ್ಟವಳಿಗೆ ಇದೆಲ್ಲ ಎಲ್ಲಿಂದ ಬರಬೇಕು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಇವತ್ತು ಮೊದಲ ಪಾಠ. ಬೋರ್ಡಿನ ಮೇಲೆ ಹದಿನಾರು ಭಾವನೆಗಳ ಪಟ್ಟಿ ಬರೆದೆ. ಸಂತೋಷ, ದುಃಖ, ಕೋಪ, ಭಯ, ಅಸೂಯೆ, ನಾಚಿಕೆ, ಹೀಗೆ. ಈಗ ನಿಮಗೆ ಏನು ಅನ್ನಿಸುತ್ತಿದೆ, ಪಟ್ಟಿ ನೋಡಿ ಚೀಟಿಯಲ್ಲಿ ಬರೆಯಿರಿ ಎಂದೆ. ನಲವತ್ತೊಂದು ಚೀಟಿಗಳಲ್ಲಿ ಮೂವತ್ತೆಂಟರಲ್ಲಿ "ಸಂತೋಷ". ಒಂದರಲ್ಲಿ "ಹಸಿವು". ಒಂದು ಖಾಲಿ. ಉಳಿದ ಒಂದರಲ್ಲಿ "ಬೆಲ್ ಯಾವಾಗ ಹೊಡೆಯುತ್ತೆ". ಅದು ಭಾವನೆ ಅಲ್ಲ ಎಂದೆ. ತರಗತಿಯವರೆಲ್ಲ 'ವಕೀಲ' ಎಂದು ಕರೆಯುವ ಹುಡುಗ ಎದ್ದು ನಿಂತ. "ಮಿಸ್, ಎಲ್ಲರಿಗೂ ಅದೇ ಅನ್ನಿಸ್ತಿದೆ. ಅಂದ್ಮೇಲೆ ಭಾವನೆ ಅಲ್ದೆ ಇನ್ನೇನು?"

 ಬೆಲ್ ಹೊಡೆದು ಮಾನ ಉಳಿಸಿತು.

ಮನೆಗೆ ಬಂದು ಹೇಳಿದರೆ ಅತ್ತೆ ತರಕಾರಿ ಹೆಚ್ಚುತ್ತಲೇ ನಕ್ಕರು. "ಅಳೋದು ನಗೋದನ್ನೂ ಇನ್ನು ಸ್ಕೂಲಲ್ಲೇ ಹೇಳಿಕೊಡ್ಬೇಕಾ? ನಮ್ಮ ಕಾಲದಲ್ಲಿ ಎರಡು ಏಟು ಬಿದ್ರೆ ಸಾಕಾಗಿತ್ತು, ಎಲ್ಲ ಭಾವನೆನೂ ಒಟ್ಟಿಗೇ ಬರ್ತಿತ್ತು." ನಮ್ಮ ಯಜಮಾನರು ಹೋದ ಮೇಲೆ ಈ ನಾಲ್ಕು ವರ್ಷ ಮನೆಯಲ್ಲಿ ನಾವಿಬ್ಬರೇ. ಅವರ ಬಾಯಿ ಇಲ್ಲದಿದ್ದರೆ ಈ ಮನೆಗೆ ಸದ್ದೇ ಇರುತ್ತಿರಲಿಲ್ಲ.

ಜೂನ್ 28, ಶುಕ್ರವಾರ

ದಾರಿ ತೋರಿಸಿದ್ದು ಗಣಿತದವಳು. ಹದಿನಾಲ್ಕು ವರ್ಷದಿಂದ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ಊಟದ ಡಬ್ಬಿ ಇಬ್ಬರದೂ ಒಂದೇ ಲೆಕ್ಕ. ಯಾರದನ್ನು ಯಾರು ತಿನ್ನುತ್ತೇವೆ ಎಂಬುದು ನಮಗೇ ಗೊತ್ತಿರುವುದಿಲ್ಲ. ಯಜಮಾನರು ಹೋದಾಗ ಎರಡು ವಾರ ತನ್ನ ಮನೆ ಬಿಟ್ಟು ನಮ್ಮ ಮನೆಯಲ್ಲಿದ್ದಳು.

"ಚೀಟಿ ಬರೆದ್ರೆ ಪಕ್ಕದವನು ಇಣುಕ್ತಾನೆ ಕಣೇ. ಒಬ್ಬೊಬ್ಬರಿಗೂ ಒಂದೊಂದು ನೋಟ್‌ಬುಕ್ ಕೊಡು. ನಾನೊಬ್ಬಳೇ ಓದ್ತೀನಿ ಅನ್ನು. ಆಮೇಲೆ ನೋಡು," ಎಂದಳು.

ಹಾಗೇ ಮಾಡಿದೆ. "ಇದನ್ನು ನಾನೊಬ್ಬಳೇ ಓದುತ್ತೇನೆ. ಓದಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಹೆಡ್‌ಮಾಸ್ಟರಿಗೂ ತೋರಿಸಲ್ಲ, ನಿಮ್ಮ ಅಪ್ಪ ಅಮ್ಮನಿಗೂ ತೋರಿಸಲ್ಲ," ಎಂದು ಹೇಳಿದೆ. ವಕೀಲ ಬಿಡುತ್ತಾನೆಯೇ? "ಬರೆದು ಕೊಡ್ತೀರಾ ಮಿಸ್?" ಎಂದ. ಎಲ್ಲರೂ ನಕ್ಕರು, ಆದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಪ್ರತಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ನಾನೊಬ್ಬಳೇ ಓದುತ್ತೇನೆ" ಎಂದು ಬರೆದು ಸಹಿ ಹಾಕಿದೆ. ನಲವತ್ತೊಂದು ಸಹಿ. ಕೈ ಈಗಲೂ ನೋಯುತ್ತಿದೆ.

ಜುಲೈ 12, ಶುಕ್ರವಾರ

ಬರೆಯುತ್ತಿದ್ದಾರೆ! ಅಕ್ಷರದ ತಪ್ಪು ತಿದ್ದಬಾರದು ಎಂದು ನನಗೆ ನಾನೇ ಹಾಕಿಕೊಂಡ ನಿಯಮ ಪಾಲಿಸುವುದೇ ಕಷ್ಟವಾಗಿದೆ. ಕೆಂಪು ಪೆನ್ನನ್ನು ಚೀಲದಿಂದಲೇ ತೆಗೆದಿಟ್ಟೆ.

ಒಬ್ಬಳಿಗೆ ಗೆಳತಿಯ ಹೊಸ ಬ್ಯಾಗು ಹರಿದುಹೋಗಲಿ ಎಂದು ಆಸೆ. ಇನ್ನೊಬ್ಬ ಲಿಫ್ಟಿನಲ್ಲಿ ಹೋಗಲು ಹೆದರುತ್ತಾನೆ, ಆರು ಮಹಡಿ ಹತ್ತಿ "ವ್ಯಾಯಾಮ" ಎಂದು ಸುಳ್ಳು ಹೇಳುತ್ತಾನೆ. ವಕೀಲ ಬರೆದದ್ದು: "ನಾನು ಸುಮ್ಮನಿದ್ದರೆ ಯಾರೂ ನನ್ನನ್ನು ನೋಡುವುದಿಲ್ಲ, ಅದಕ್ಕೆ ವಾದ ಮಾಡುತ್ತೇನೆ." ಹನ್ನೆರಡು ವರ್ಷದ ಹುಡುಗ ಇಷ್ಟು ನೇರವಾಗಿ ಬರೆದಿದ್ದಾನೆ. ನಾನು ಈ ವಯಸ್ಸಿನಲ್ಲಿ ಬರೆಯಲಾರೆ.

ಬರೆಯದವಳು ಒಬ್ಬಳೇ. ಮೂರನೇ ಬೆಂಚಿನ ಹುಡುಗಿ, ಎಲ್ಲರೂ ಮೌನಿ ಎನ್ನುತ್ತಾರೆ. ಪ್ರತಿ ವಾರ ಅಂದವಾಗಿ ತಾರೀಖು ಬರೆಯುತ್ತಾಳೆ, ಕೆಳಗೆ ಗೆರೆ ಎಳೆಯುತ್ತಾಳೆ, ಮುಚ್ಚಿ ಕೊಡುತ್ತಾಳೆ. ಹೋದ ವರ್ಷ ಅವಳ ತಮ್ಮ ತೀರಿಕೊಂಡ. ಹುಟ್ಟಿದಾಗಿನಿಂದ ಕಾಯಿಲೆ, ಐದು ವರ್ಷವೂ ಆಸ್ಪತ್ರೆ ಮನೆ, ಆಸ್ಪತ್ರೆ ಮನೆ. ತಂದೆ ದೂರದಲ್ಲಿ ಎಲ್ಲೋ ಕೆಲಸದಲ್ಲಿದ್ದಾರೆ. ತಾಯಿ ಹೊಲಿಗೆಯವರು.

ಜುಲೈ 26, ಶುಕ್ರವಾರ

ಮೌನಿ ಬರೆದಳು. ಹೀಗಿದೆ:

"ತಮ್ಮ ಹೋದ ದಿನ ಎಲ್ಲರೂ ಅಳುತ್ತಿದ್ದರು. ನನಗೆ ಅಳು ತಾನಾಗಿ ಬರಲಿಲ್ಲ, ಬರಿಸಿಕೊಂಡೆ. ಒಳಗೆ ಹಗುರ ಆಯಿತು. ಇನ್ನು ಅಮ್ಮ ನನ್ನ ಪಕ್ಕ ಮಲಗುತ್ತಾಳೆ ಅಂದುಕೊಂಡೆ. ಈ ಭಾವನೆಯ ಹೆಸರು ನಿಮ್ಮ ಪಟ್ಟಿಯಲ್ಲಿ ಇಲ್ಲ."

ಪುಟ ಅಲ್ಲಿಗೆ ಮುಗಿಯಿತು. ತಿರುಗಿಸಿದರೆ ಮುಂದಿನ ಪುಟದಲ್ಲೂ ಇತ್ತು. ಅದನ್ನು ಓದಿದ ಮೇಲೆ ಹಿಂದಿನ ಪುಟದ ಅರ್ಥವೇ ಬೇರೆಯಾಯಿತು. ಖಾಲಿ ತರಗತಿಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಜವಾನ ಬಂದು ಕಿಟಕಿ ಮುಚ್ಚತೊಡಗಿದ.

ನಾನು ಕಲಿಸಿದ್ದು ನಾಟಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹಾಗನ್ನಿಸಿತು.

ಆಗಸ್ಟ್ 1, ಗುರುವಾರ

ಊಟದ ಹೊತ್ತಿಗೆ ಗಣಿತದವಳು ಮುಖ ಸಪ್ಪಗೆ ಮಾಡಿಕೊಂಡಿದ್ದಳು. "ಅದೇ ಲಾಭ ನಷ್ಟ, ಅದೇ ತೊಟ್ಟಿ ತುಂಬೋ ನಲ್ಲಿ. ಮಕ್ಕಳಿಗೆ ನಾನು ಮಾಡೋದ್ರಿಂದ ಏನಾದ್ರೂ ಆಗುತ್ತಾ ಹೇಳು," ಎಂದಳು. ಅವಳಿಗೆ ಸಮಾಧಾನ ಆಗಲಿ ಎಂದು, "ನೋಡು, ನೀನು ಕೊಟ್ಟ ಉಪಾಯದಿಂದ ಏನಾಯ್ತು ಅಂತ," ಎಂದು ಮೌನಿಯ ನೋಟ್‌ಬುಕ್ ತಂದು ಆ ಪುಟ ತೋರಿಸಿದೆ. ಅವಳೂ ಟೀಚರೇ, ನನ್ನವಳೇ. ಓದಿ ಕಣ್ಣೊರೆಸಿಕೊಂಡಳು. ಮುಂದಿನ ಪುಟ ತಿರುಗಿಸಹೋದರೆ, "ಬೇಡ ಕಣೇ, ಇದೊಂದೇ ಸಾಕು," ಎಂದಳು. ಮನೆಯಲ್ಲಿ ಇನ್ನೊಮ್ಮೆ ಓದುತ್ತೇನೆಂದು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಮಧ್ಯಾಹ್ನವೆಲ್ಲ ಇಬ್ಬರಿಗೂ ಮನಸ್ಸು ತುಂಬಿತ್ತು.

ಆಗಸ್ಟ್ 10, ಶನಿವಾರ

ಹೇಗೆ ಬರೆಯಲಿ.

ಪೋಷಕರ ಸಭೆ ಇತ್ತು. ಅಧಿಕಾರಿಯೊಬ್ಬರು ಬಂದಿದ್ದರು. ಹೊಸ ಪಾಠದ ಬಗ್ಗೆ ನಾನು ಐದು ನಿಮಿಷ ಮಾತಾಡಬೇಕೆಂದು ಹೇಳಿದ್ದರು, ಬರೆದುಕೊಂಡೂ ಹೋಗಿದ್ದೆ. ಹೆಡ್‌ಮಾಸ್ಟರು ಕರೆದದ್ದು ಗಣಿತದವಳನ್ನು. ಅವಳು ಲ್ಯಾಪ್‌ಟಾಪ್ ಹಿಡಿದು ವೇದಿಕೆ ಹತ್ತಿದಳು. ಪರದೆಯ ಮೇಲೆ "ಒಂದು ಹೊಸ ಪ್ರಯೋಗ", ಕೆಳಗೆ ಅವಳ ಹೆಸರು. ನಾನು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಮಡಚಿಟ್ಟೆ. ಹೋಗಲಿ, ಉಪಾಯ ಅವಳದೇ ತಾನೆ ಎಂದುಕೊಂಡೆ.

ಆಮೇಲೆ ಆ ಪುಟ ಬಂತು. ಗೋಡೆಯಷ್ಟು ದೊಡ್ಡದಾಗಿ. ಮೇಲೆ ಹೆಸರಿರುವ ಕಡೆ ಕಪ್ಪು ಪಟ್ಟಿ. ತಮ್ಮನನ್ನು ಕಳೆದುಕೊಂಡವರು ಏಳನೇ ತರಗತಿಯಲ್ಲಿ ಎಷ್ಟು ಜನ ಇದ್ದಾರೆ? ಹೆಸರು ಮುಚ್ಚಿ ಏನು ಬಂತು?

ಅವಳು ಅದನ್ನು ಗಟ್ಟಿಯಾಗಿ ಓದಿದಳು. ದನಿ ನಡುಗಿಸಿ ಓದಿದಳು. ನಾಲ್ಕನೇ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತರು. ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೋಪಿ ಹಾಗೇ ಇತ್ತು, ಕೆಲಸದ ಮಧ್ಯೆ ಎದ್ದು ಬಂದಿದ್ದರೇನೋ. ಪಕ್ಕದವರ ಕಾಲು ದಾಟಿಕೊಂಡು, ಕ್ಷಮಿಸಿ, ಕ್ಷಮಿಸಿ ಎನ್ನುತ್ತಾ ಹೊರಗೆ ಹೋದರು. ಬಾಗಿಲಲ್ಲಿ ಬಂದವರಿಗೆ ನೀರು ಕೊಡುವ ಕೆಲಸ ಮೌನಿಗೆ ವಹಿಸಿದ್ದರು. ತಾಯಿ ಮಗಳ ಪಕ್ಕದಲ್ಲೇ ಹಾದು ಹೋದರು. ನಿಲ್ಲಲಿಲ್ಲ.

ಮೌನಿ ಪರದೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಗಣಿತದವಳನ್ನಲ್ಲ, ನನ್ನನ್ನು.

ಜನ ಚಪ್ಪಾಳೆ ತಟ್ಟಿದರು.

ಆಗಸ್ಟ್ 11, ಭಾನುವಾರ

ಬೆನ್ನಿಗೆ ಚೂರಿ ಹಾಕಿದಳು.

ಆಗಸ್ಟ್ 12, ಸೋಮವಾರ

ಕುರ್ಚಿ ಬದಲಿಸಿದೆ. ಕಿಟಕಿಯ ಹತ್ತಿರ ಡ್ರಾಯಿಂಗ್ ಮೇಷ್ಟ್ರ ಪಕ್ಕ ಕೂತೆ. ಅವರು ನನ್ನನ್ನೂ ಅವಳನ್ನೂ ನೋಡಿ ಬಣ್ಣದ ಡಬ್ಬಿ ಜರುಗಿಸಿ ಜಾಗ ಕೊಟ್ಟರು.

ಅವಳು ಬಂದಳು. "ನಿನಗೆ ಹೇಳೋಣ ಅಂತಲೇ ಇದ್ದೆ. ಹೆಡ್‌ಮಾಸ್ಟರು ಹಿಂದಿನ ದಿನ ಸಂಜೆ ನೀನೇ ಮಾತಾಡು ಅಂದ್ರು ಕಣೇ. ಹೆಸರು ಮುಚ್ಚಿದ್ನಲ್ಲ."

"ನನ್ನ ಜೊತೆ 'ಕಣೇ' ಗಿಣೇ ಬೇಡ," ಎಂದೆ. "ಮೇಡಂ ಅನ್ನಿ."

ಹದಿನಾಲ್ಕು ವರ್ಷದ ಮೇಲೆ ಅವಳನ್ನು ಬಹುವಚನದಲ್ಲಿ ಕರೆದೆ. ಮುಖ ಬಿಳಿಚಿಕೊಂಡಿತು. ಸಂತೋಷವಾಯಿತು. ಆ ಪದ ಪಟ್ಟಿಯಲ್ಲಿ ಮೊದಲನೆಯದು.

ಮೌನಿ ಬಂದಿರಲಿಲ್ಲ.

ಆಗಸ್ಟ್ 16, ಶುಕ್ರವಾರ

ಮೌನಿ ಬಂದಿದ್ದಳು. ಅವಳ ಬೆಂಚಿನಲ್ಲಿ ಅವಳೊಬ್ಬಳೇ. ಹುಡುಗಿಯರು ಏನೋ ಅಂಟುತ್ತದೆ ಎಂಬಂತೆ ಆಚೆ ಸರಿದಿದ್ದಾರೆ. ಸಹಾನುಭೂತಿ ಎಂದು ಬೋರ್ಡಿನ ಮೇಲೆ ಏಳು ವಾರ ಬರೆದೆನಲ್ಲ.

ನೋಟ್‌ಬುಕ್ ಹಂಚಿದೆ. ಯಾರೂ ಪೆನ್ನು ತೆಗೆಯಲಿಲ್ಲ. ನಡೆದದ್ದಕ್ಕೆ ನನಗೂ ನೋವಾಗಿದೆ, ನನಗೆ ಗೊತ್ತಿಲ್ಲದೆ ನಡೆಯಿತು, ಬೇರೆಯವರು ಮಾಡಿದ್ದು ಎಂದು ಹೇಳಿದೆ. ವಕೀಲ ಎದ್ದ. ಇವತ್ತು ವಾದದ ದನಿ ಇರಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟ ತೆರೆದು ನನ್ನ ಕಡೆ ಹಿಡಿದ.

"ಸಹಿ ನಿಮ್ಮದು ಮಿಸ್," ಎಂದ. ಕೂತ.

ಅವಳು ಮಾಡಿದ್ದಕ್ಕೆ ನಾನು ಮಕ್ಕಳ ಮುಂದೆ ತಲೆ ತಗ್ಗಿಸಬೇಕಾಗಿ ಬಂತು.

ಆಗಸ್ಟ್ 22, ಗುರುವಾರ

ಅವಳಿಗೆ ಆದೇಶ ಬಂದಿದೆ. ತರಬೇತಿ ಕೇಂದ್ರಕ್ಕೆ. ಇನ್ನು ಮೇಲೆ ಬೇರೆ ಬೇರೆ ಶಾಲೆಗಳ ಟೀಚರುಗಳಿಗೆ ಭಾವನೆಗಳ ಅರಿವನ್ನು ಅವಳು ಕಲಿಸುತ್ತಾಳಂತೆ. ನಗಬೇಕೋ ಅಳಬೇಕೋ. ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದರು. ನನ್ನ ಪಾಲು ಹಾಗೇ ಮೇಜಿನ ಮೇಲೆ ಬಿಟ್ಟೆ, ಇರುವೆ ಮುತ್ತಿಕೊಂಡವು.

ಹೊರಡುವಾಗ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು.

"ನಾನು ಮಾಡಿದ್ದು ತಪ್ಪು. ನಿನ್ನ ಹೆಸರು ಹಾಕಲಿಲ್ಲ, ಅದೂ ತಪ್ಪು. ಆ ಲಾಭ ನಷ್ಟದ ಪಾಠದಿಂದ ಹೊರಗೆ ಬರೋಕೆ ಒಂದು ಬಾಗಿಲು ಕಂಡಿತು, ನುಗ್ಗಿಬಿಟ್ಟೆ. ಆದ್ರೆ ಒಂದು ಮಾತು ಕೇಳ್ತೀನಿ. ಆ ಪುಸ್ತಕ ನಾನು ಬೀರು ಒಡೆದು ತಗೊಂಡ್ನಾ?"

"ನಾಚಿಕೆ ಆಗ್ಬೇಕು ನಿನಗೆ," ಎಂದು ಇಳಿದುಬಂದೆ.

ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದೆ, ಅವಳ ಆ ಸೊಕ್ಕಿನ ಮಾತನ್ನೂ. ಅವರು ಎಂದಿನಂತೆ ಅವಳನ್ನು ಬೈಯುತ್ತಾರೆಂದು ಕಾದೆ. ಅವರು ಹಾಸಿಗೆಯ ಹೊದಿಕೆ ಮಡಚುತ್ತಿದ್ದರು. ನಾಲ್ಕು ಮೂಲೆ ಸೇರಿಸಿದರು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು," ಎಂದರು. ಯಾರು ಆಡಿದ ಮಾತು ಎಂದು ಹೇಳಲಿಲ್ಲ. 

ಆಗಸ್ಟ್ 26, ಸೋಮವಾರ

ಮೌನಿಯ ತಾಯಿ ಬಂದಿದ್ದರು. ನನ್ನ ಮೇಲೆ ಕೂಗಾಡಲು ಬಂದಿದ್ದಾರೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಕೂಗಾಡಲಿಲ್ಲ. ಖಾಲಿ ತರಗತಿಯಲ್ಲಿ ಮಕ್ಕಳ ಬೆಂಚಿನ ತುದಿಯಲ್ಲಿ ಕೂತರು.

"ಹದಿನಾರು ದಿನ ಆಯ್ತು, ಅವಳ ಹತ್ರ ಮಾತಾಡಿಲ್ಲ," ಎಂದರು. "ಮಾತಾಡಬಾರದು ಅಂತೇನಿಲ್ಲ. ಬಾಯಿ ಬರ್ತಿಲ್ಲ. ತಟ್ಟೆ ಇಡ್ತೀನಿ, ತಿಂತಾಳೆ. ಅಷ್ಟೇ." ಆಮೇಲೆ ಕೇಳಿದರು: "ಪಕ್ಕದ ಮನೆಯವರು ಅವತ್ತು ಕೊನೇವರೆಗೂ ಕೂತಿದ್ರು. ಪುಟದ ಕೆಳಗೆ ಮೂಲೆಯಲ್ಲಿ ಬಾಣದ ಗುರುತು ಇತ್ತಂತೆ. ಅಂದ್ರೆ ಮುಂದೆ ಇನ್ನೂ ಬರೆದಿದ್ದಾಳೆ ಅಲ್ವಾ ಮೇಡಂ?"

ಹೌದು ಎಂದೆ.

"ಅದನ್ನ ಕೊಡಿ. ಓದ್ತೀನಿ."

ಬೀರು ನನ್ನ ಬೆನ್ನ ಹಿಂದೆಯೇ ಇತ್ತು. ಬೀಗದ ಕೈ ಸೊಂಟದಲ್ಲಿ. ಆ ಪುಟ ಓದಿದರೆ ಈ ಹೆಂಗಸು ಓಡಿಹೋಗಿ ಮಗಳನ್ನು ಅಪ್ಪಿಕೊಳ್ಳುತ್ತಾರೆ, ನನಗೆ ಗೊತ್ತು. ನಾನೂ ಈ ಉರುಳಿನಿಂದ ಬಿಡಿಸಿಕೊಳ್ಳುತ್ತೇನೆ. ಎರಡು ನಿಮಿಷದ ಕೆಲಸ.

"ಆಗಲ್ಲಮ್ಮ," ಎಂದೆ. "ಅದು ಅವಳದು. ಅವಳನ್ನ ಕೇಳದೆ ಕೊಡೋಕಾಗಲ್ಲ."

"ಊರಿಗೆಲ್ಲ ತೋರಿಸೋಕಾಯ್ತು, ಹೆತ್ತವಳಿಗೆ ತೋರಿಸೋಕಾಗಲ್ವಾ?"

ತೋರಿಸಿದ್ದು ನಾನಲ್ಲ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಂದ, "ಮೊದಲು ತೋರಿಸಿದ್ದು ನಾನೇ," ಎಂಬ ಮಾತು ಬಂತು. "ನನ್ನ ಗೆಳತಿಗೆ. ಊಟ ಮಾಡ್ತಾ. ಅದಕ್ಕೇ ಇವತ್ತು ಕೊಡೋಕಾಗಲ್ಲ."

ಅವರು ಎದ್ದು ಹೋದರು. ಅವರು ಹೋದ ಮೇಲೂ ಬೆಂಚು ಸರಿಯಾಗಿ ಇಡಬೇಕೆಂದು ನನಗೆ ತೋಚಲಿಲ್ಲ.

ಆಗಸ್ಟ್ 28, ಬುಧವಾರ

ಮೌನಿಯನ್ನು ಕರೆದು ನೋಟ್‌ಬುಕ್ ಅವಳ ಕೈಗೆ ಕೊಟ್ಟೆ.

"ನಿನ್ನ ಅಮ್ಮ ಮುಂದಿನ ಪುಟ ಓದಬೇಕು ಅಂತಿದ್ದಾರೆ. ನಾನು ಕೊಡಲಿಲ್ಲ. ಕೊಡೋದು ಬಿಡೋದು ನಿನಗೆ ಸೇರಿದ್ದು. ನಿನ್ನ ಪುಟವನ್ನ ನಾನು ಗಣಿತದ ಮಿಸ್‌ಗೆ ತೋರಿಸಿದೆ. ತೋರಿಸಬಾರದಿತ್ತು. ತಪ್ಪಾಯ್ತು."

ಅವಳು ನೋಟ್‌ಬುಕ್ ತಿರುಗಿಸಿ ಮುರುಗಿಸಿ ನೋಡಿದಳು.

"ಆಮೇಲೆ ಮತ್ತೆ ಓದಿದ್ರಾ ಮಿಸ್?"

"ಇಲ್ಲ."

"ಓದಿದ್ರೂ ಇಲ್ಲ ಅಂತಲೇ ಹೇಳ್ತೀರಿ," ಎಂದಳು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಮಳೆ ಬರಬಹುದು ಎನ್ನುವಂತೆ. "ಕ್ಷಮಿಸು ಅಂದ್ರೆ ಕ್ಷಮಿಸಲೇಬೇಕು ಅಂತೇನಿಲ್ಲ ಅಂತ ನೀವೇ ಪಾಠ ಮಾಡಿದ್ರಿ."

"ಹೌದು. ಮಾಡಿದ್ದೆ."

"ನಾನು ಇನ್ನೂ ಕ್ಷಮಿಸಿಲ್ಲ."

"ಸರಿ," ಎಂದೆ. ಬೇರೆ ಏನು ಹೇಳಿದರೂ ಅದು ನನಗೋಸ್ಕರ ಹೇಳಿದಂತಾಗುತ್ತಿತ್ತು.

ಆಗಸ್ಟ್ 30, ಶುಕ್ರವಾರ

ನಲವತ್ತು ನೋಟ್‌ಬುಕ್ಕುಗಳನ್ನೂ ಮಕ್ಕಳಿಗೆ ವಾಪಸು ಕೊಟ್ಟೆ. ಬೇರೆಯವರು ಮಾಡಿದ್ದು ಎಂದು ಅವತ್ತು ನಾನು ಹೇಳಿದ್ದು ಸುಳ್ಳು, ಮಾತು ಮುರಿದವಳು ನಾನು ಎಂದೆ. ವಕೀಲ ಏಳಲಿಲ್ಲ. ಪಟ್ಟಿ ಬರೆಯಲಿಲ್ಲ, ಪಾಠವನ್ನೂ ಮಾಡಲಿಲ್ಲ. ಬೇಕಾದವರು ಮಾತಾಡಬಹುದು, ಬೇಡದವರು ಕಿಟಕಿ ನೋಡುತ್ತಾ ಕೂರಬಹುದು ಎಂದೆ. ಹೆಚ್ಚಿನವರು ಕಿಟಕಿ ನೋಡಿದರು. ಬೆಲ್ಲಿಗೆ ಸ್ವಲ್ಪ ಮುಂಚೆ ಲಿಫ್ಟಿಗೆ ಹೆದರುವ ಹುಡುಗ ಎದ್ದು, ಏನೂ ಹೇಳದೆ, ಮೌನಿಯ ಬೆಂಚಿಗೆ ಹೋಗಿ ಕೂತ. ಅವಳು ಚೀಲ ಸರಿಸಿಕೊಂಡಳು.

ಹೆಡ್‌ಮಾಸ್ಟರು ಕರೆದು, ನೋಟ್‌ಬುಕ್ ಇಲ್ಲದೆ ವರದಿ ಹೇಗೆ ಕಳಿಸುವುದು ಎಂದು ಕೇಳಿದರು. ವರದಿ ಮಾಡುವಂಥದ್ದು ಏನೂ ಇಲ್ಲ ಎಂದು ಬರೆಯಿರಿ ಎಂದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಸೆಪ್ಟೆಂಬರ್ 4, ಬುಧವಾರ

ಗಣಿತದವಳ ಫೋನು ಬಂತು. ತೆಗೆಯಲಿಲ್ಲ. ಮತ್ತೆ ಬಂತು, ತೆಗೆದೆ.  "ಆ ಪುಟ ನನ್ನ ಫೋನಿಂದ, ಲ್ಯಾಪ್‌ಟಾಪಿಂದ ಅಳಿಸಿದೆ," ಎಂದಳು. "ಒಳ್ಳೇದಾಯ್ತು," ಎಂದೆ. ಊಟವಾಯಿತಾ ಎಂದು ಕೇಳಿದಳು. ಆಯಿತು ಎಂದೆ. ಆಗಿರಲಿಲ್ಲ.

ನಾನಿನ್ನೂ ಅವಳನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ, ಗೊತ್ತಿಲ್ಲ.

ಸೆಪ್ಟೆಂಬರ್ 7, ಶನಿವಾರ

ಮಧ್ಯಾಹ್ನ ಶಾಲೆ ಬಿಟ್ಟಾಗ ಮೌನಿ ಗೇಟಿನ ಹತ್ತಿರ ನಿಂತಿದ್ದಳು. "ಮಿಸ್, ಇವತ್ತು ಅಮ್ಮನಿಗೆ ಓದಿ ಹೇಳ್ತೀನಿ. ಅವಳೇ ಓದೋದು ಬೇಡ. ನಾನೇ ಓದ್ತೀನಿ. ನೀವು ಬನ್ನಿ."

"ಒಳಗಾ?"

"ಇಲ್ಲ. ಹೊರಗೆ ನಿಂತಿರಿ. ನನಗೆ ಭಯ ಆದ್ರೆ ಬಾಗಿಲು ತೆಗೆದು ನೋಡ್ತೀನಿ, ನೀವು ಕಾಣಬೇಕು. ಆದ್ರೆ ಕೇಳಿಸ್ಕೋಬಾರದು."

ಎರಡು ಬೀದಿ ದಾಟಿ ಹೋದೆವು. ಮಹಡಿ ಮೆಟ್ಟಿಲಿನ ಕೆಳಗಿನ ಸಣ್ಣ ಮನೆ. ಒಳಗೆ ಹೊಲಿಗೆ ಯಂತ್ರದ ಸದ್ದು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಂತ್ರ ನಿಂತಿತು.

ಬಾಗಿಲು ತೆಳು. ಅವಳ ದನಿ ಶುರುವಾದದ್ದು ಕೇಳಿಸಿತು, ಮೊದಲ ಪದವೂ ಕೇಳಿಸಿತು. ನಾನು ಬೀದಿ ದಾಟಿ ಎದುರಿನ ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತೆ. ಅಲ್ಲಿಂದ ಬಾಗಿಲು ಕಾಣುತ್ತದೆ, ದನಿ ಕೇಳುವುದಿಲ್ಲ. ಅಂಗಡಿಯವನು, "ಏನಾಗ್ಬೇಕಿತ್ತು ಮೇಡಂ?" ಎಂದ. "ಏನೂ ಇಲ್ಲ, ನಿಂತಿರ್ತೀನಿ," ಎಂದೆ. ಅವನು ಒಂದು ಸ್ಟೂಲು ತಂದಿಟ್ಟ. ಕೂರಲಿಲ್ಲ. ಅವಳು ಬಾಗಿಲು ತೆಗೆದರೆ ನಾನು ನಿಂತಿರುವುದು ಕಾಣಬೇಕಲ್ಲ.

ಅವನು ಎರಡು ಚಕ್ರಕ್ಕೆ ಗಾಳಿ ತುಂಬಿ ಮೂರನೆಯದನ್ನು ಬಿಚ್ಚುವಷ್ಟು ಹೊತ್ತಾಯಿತು. ಮಧ್ಯೆ ಒಮ್ಮೆಯೂ ಬಾಗಿಲು ತೆರೆಯಲಿಲ್ಲ.

ಆಮೇಲೆ ತೆರೆಯಿತು. ಮೌನಿ ಹೊಸ್ತಿಲಲ್ಲಿ ನಿಂತು ನನ್ನನ್ನು ಹುಡುಕಿದಳು. ಬೀದಿಯ ಆಚೆ ಇದ್ದೇನೆಂದು ಕಂಡು ಒಂದು ಕ್ಷಣ ನೋಡಿದಳು, ನಾನು ಎಷ್ಟು ದೂರ ನಿಂತಿದ್ದೇನೆಂದು ಅಳೆಯುವಂತೆ.

"ನೀವಿನ್ನು ಹೋಗಬಹುದು ಮಿಸ್," ಎಂದು ಕೂಗಿ ಹೇಳಿದಳು.

ಅವಳ ಹಿಂದೆ ಒಳಗಿನಿಂದ ತಾಯಿಯ ದನಿ, ಇಪ್ಪತ್ತೆಂಟು ದಿನದ ಮೇಲೆ ಮಗಳಿಗೆ ಆಡಿದ ಮಾತು, ಬೀದಿಯವರೆಗೂ ಬಂತು: "ಬಾಗಿಲು ಹಾಕ್ಕೊಂಡು ಒಳಗೆ ಬಾ ಮಗಳೇ."

ಅವಳು ಬಾಗಿಲು ಹಾಕಿಕೊಂಡಳು. ನಾನು ಮನೆಗೆ ಬಂದೆ.

ಅತ್ತೆ ಏನಾಯಿತು ಎಂದು ಕೇಳಿದರು. ಓದಿದಳು ಎಂದಷ್ಟೇ ಹೇಳಿದೆ. ಹೊಸ್ತಿಲಲ್ಲಿ ನಿಂತಾಗ ಅವಳ ಮುಖ ಹೇಗಿತ್ತು ಎಂಬುದನ್ನು ಇಲ್ಲಿ ಬರೆದಿಡಬಹುದಿತ್ತು. ಬರೆಯುವುದಿಲ್ಲ. ಅದು ಅವಳದು.